ಒಂದು ಗುಳ್ಳೆ ಮೇಲೇರುವಷ್ಟು ಹೊತ್ತು

ಗಾಜಿನ ಲೋಟವನ್ನು ಬೆಳಗಿನ ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ತಳದಲ್ಲಿ ಕುಮಟೆಯ ಕಡಲದಂಡೆಯಿಂದ ತಂದ ಮರಳು, ಅದರ ಮೇಲೆ ಮೂರು ಚಿಪ್ಪು, ನಡುವೆ ನೆಟ್ಟಗೆ ನಿಂತ ಬತ್ತಿ, ಸುತ್ತಲೂ ತಿಳಿನೀಲಿ ಜೆಲ್. ಎಲ್ಲವೂ ಮನಸ್ಸಿನಲ್ಲಿ ಕಂಡ ಹಾಗೆಯೇ ಬಂದಿತ್ತು. ಆದರೆ ಚಿಪ್ಪಿನ ಅಂಚಿಗೆ ಸಾಲುಗಟ್ಟಿ ಕೂತ ಗುಳ್ಳೆಗಳು, ಬತ್ತಿಯ ಮೈಗೆ ಉಣುಗಿನ ಹಾಗೆ ಕಚ್ಚಿಕೊಂಡ ಗುಳ್ಳೆಗಳು, ಮೇಲಕ್ಕೂ ಹೋಗದೆ ಕೆಳಕ್ಕೂ ಇಳಿಯದೆ ನಡುವಿನಲ್ಲೇ ನಿಂತುಬಿಟ್ಟ ಗುಳ್ಳೆಗಳು. ಸಾಸಿವೆಯಷ್ಟು ದೊಡ್ಡವು ಕೆಲವು, ರವೆಯಷ್ಟು ಸಣ್ಣವು ಲೆಕ್ಕವಿಲ್ಲದಷ್ಟು. ದೀಪಾವಳಿಗೆ ಇನ್ನು ಹದಿನೈದು ದಿನ. ಮೊದಲ ನಾಲ್ಕು ಲೋಟ ಹೀಗಾದವಲ್ಲ ಎಂದು ಸಂಕಟವಾಯಿತು.

ನಮ್ಮ ದಾಸರು ಬದುಕನ್ನು ನೀರಿನ ಗುಳ್ಳೆಗೆ ಹೋಲಿಸಿದವರು. ನೋಡುತ್ತಿದ್ದಂತೆ ಒಡೆದು ಹೋಗುವುದೇ ಅದರ ಗುಣ. ಜೆಲ್ಲಿನ ಗುಳ್ಳೆ ಹಾಗಲ್ಲ, ಅದು ಒಡೆಯುವುದೇ ಇಲ್ಲ. ಇವತ್ತು ಸಿಕ್ಕಿಕೊಂಡದ್ದು ಮುಂದಿನ ಯುಗಾದಿಗೂ ಅಲ್ಲೇ ಇರುತ್ತದೆ. ಸೂಜಿ ಹಾಕಿ ತೆಗೆಯೋಣವೆಂದರೆ ಸೂಜಿ ಹೋದ ದಾರಿಯೇ ಇನ್ನೊಂದು ಉದ್ದನೆಯ ಗುಳ್ಳೆಯಾಗಿ ಉಳಿಯುತ್ತದೆ.

ಹೆಸರು ಜೆಲ್ ಮೇಣದಬತ್ತಿಯಾದರೂ ಇದರಲ್ಲಿ ಮೇಣವಿಲ್ಲ. ಮಗುವಿನ ಮೈಗೆ ಹಚ್ಚುವ ಬೇಬಿ ಆಯಿಲ್ ಇದೆಯಲ್ಲ, ಆ ಜಾತಿಯ ಮಿನರಲ್ ಆಯಿಲ್ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು. ಆ ಎಣ್ಣೆಯನ್ನು ಹರಿಯಗೊಡದೆ ಹಿಡಿದು ನಿಲ್ಲಿಸುವ, ರಬ್ಬರಿನ ಬಳಗದ ಪಾಲಿಮರ್ ಉಳಿದ ಪಾಲು. 1990ರ ದಶಕದಲ್ಲಿ ಅಮೆರಿಕದಲ್ಲಿ ಇದು ಹೆಸರು ಮಾಡಿತು. ನಮ್ಮ ಶಿರಸಿಯ ಮನೆಗೆ ಅದು ಬಂದದ್ದು ರಟ್ಟಿನ ಪೆಟ್ಟಿಗೆಯಲ್ಲಿ, ಎರಡು ಕಿಲೋದ ಒಂದೇ ಗಟ್ಟಿಯಾಗಿ. ಬಿಚ್ಚಿ ಮುಟ್ಟಿದ ಮಗಳು, ‘ಅಮ್ಮಾ, ತಾಟಿನಿಂಗು!’ ಎಂದಳು. ನನ್ನ ಬೆರಳಿಗೆ ಅದು ಹಾಲುಬಾಯಿಯ ಹಾಗೆ ಅನ್ನಿಸಿತು. ಒತ್ತಿದರೆ ತಗ್ಗಿ, ಬಿಟ್ಟರೆ ಮತ್ತೆ ಎದ್ದು ಬರುವ ಅದೇ ನುಣುಪು.

ದೀಪದ ಮೇಲಿನ ಈ ಆಸೆ ಹಳೆಯದು. ತವರು ಯಲ್ಲಾಪುರದ ಕಡೆ, ತೋಟದ ನಡುವಿನ ಒಂಟಿಮನೆ. ಆಷಾಢದಲ್ಲಿ ಒಮ್ಮೆ ಗಾಳಿ ಎದ್ದು ಮರ ಬಿತ್ತೆಂದರೆ ನಾಲ್ಕೈದು ದಿನ ಕರೆಂಟಿನ ಸುದ್ದಿಯಿರಲಿಲ್ಲ. ಲಾಟೀನಿನ ಗಾಜು ಒರೆಸುವುದು ನನ್ನ ಪಾಲಿನ ಕೆಲಸ. ಸಣ್ಣ ಕೈ ಒಳಗೆ ಹೋಗುತ್ತದೆಂದು. ಬೂದಿ ಮುಟ್ಟಿಸಿದ ಹಳೇ ಬಟ್ಟೆಯಲ್ಲಿ ತಿಕ್ಕಿ, ಬಾಯಿಂದ ಹಾ ಎಂದು ಊದಿ, ಮತ್ತೆ ತಿಕ್ಕಿ, ಗಾಜು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿಯಾದ ಮೇಲೆ ಅಪ್ಪನ ಕೈಗೆ ಕೊಡುತ್ತಿದ್ದೆ. ಅಪ್ಪ ಅದನ್ನು ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಒಂದು ಬೆರಳ ಗುರುತು ಕಂಡರೂ ಮಾತಾಡದೆ ಮರಳಿ ನನ್ನ ಕೈಗೇ ಕೊಡುತ್ತಿದ್ದರು. ಬೆಳಕಿನ ದಾರಿಯಲ್ಲಿ ಏನೂ ಅಡ್ಡ ಇರಬಾರದು ಎಂಬ ಆ ಹಟ ನನಗೆ ಅಂಟಿದ್ದು ಅಲ್ಲಿ.

ಮೊದಲ ಸಲ ನಾನು ಜೆಲ್ ಕರಗಿಸಿದ್ದು ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು. ಮೇಣವನ್ನು ಕರಗಿಸುವುದು ಹಾಗೆ, ಎಣ್ಣೆ ಪದಾರ್ಥವನ್ನು ನೇರ ಬೆಂಕಿಗೆ ಒಡ್ಡಬಾರದು ಎಂಬ ಎಚ್ಚರ ಬೇರೆ. ಆದರೆ ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ. ಇಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ, ಎಷ್ಟು ಉರಿ ಹಾಕಿದರೂ ಅದಕ್ಕಿಂತ ಮೇಲೆ ಹೋಗುವುದಿಲ್ಲ. ಒಳಗಿನ ಪಾತ್ರೆಗೆ ಮುಟ್ಟುವುದು ಅದಕ್ಕಿಂತಲೂ ಕಡಿಮೆ. ಜೆಲ್ ಮೆತ್ತಗಾಯಿತೇ ಹೊರತು ತಿಳಿಯಾಗಲಿಲ್ಲ. ಗಂಜಿಯಂತೆ ದಪ್ಪಗೆ ಎಳೆಯುತ್ತಿತ್ತು. ಕರಗಲಿ ಎಂದು ಸೌಟು ಹಾಕಿ ಗರಗರ ತಿರುಗಿಸಿದೆ. ಒಂದೊಂದು ಸುತ್ತಿಗೂ ಒಂದು ಹಿಡಿ ಗಾಳಿಯನ್ನು ನಾನೇ ಒಳಗೆ ಕಳಿಸುತ್ತಿದ್ದೆ.

ಮತ್ತೆ ಎರೆಯುವ ರೀತಿ. ನಮ್ಮ ಮನೆಗಳಲ್ಲಿ ಚಹಾವನ್ನು ಎತ್ತರದಿಂದ ಹೊಯ್ದೇ ಅಭ್ಯಾಸ. ಪಾತ್ರೆ ಮೇಲೆ, ಲೋಟ ಕೆಳಗೆ, ನಡುವೆ ಒಂದು ಮೊಳ ಉದ್ದದ ಧಾರೆ, ಮೇಲೆ ನೊರೆ. ಜೆಲ್ಲನ್ನೂ ಹಾಗೇ ಎರೆದೆ. ಚಹಾಕ್ಕೆ ಚೆಂದವಾದ ನೊರೆ ಇಲ್ಲಿ ಹೆಪ್ಪುಗಟ್ಟಿ ಕೂತಿತು.

ಹಾಗೆ ಎರೆಯಬಾರದೆಂದು ನನಗೆ ಎಂಟನೇ ವಯಸ್ಸಿಗೇ ಗೊತ್ತಿತ್ತು ಎಂಬುದು ನೆನಪಾದದ್ದು ಆಮೇಲೆ. ಅಪ್ಪ ತುಡುವೆ ಜೇನು ಸಾಕಿದ್ದರು. ತೋಟದ ಅಂಚಿನಲ್ಲಿ ಐದಾರು ಪೆಟ್ಟಿಗೆ. ಬೇಸಿಗೆಯಲ್ಲಿ ತುಪ್ಪ ತೆಗೆದು ಸೋಸಿ ಬಾಟಲಿಗೆ ತುಂಬುವಾಗ ಬಾಟಲಿ ಹಿಡಿಯುವುದು ನಾನು. ‘ವಾಲಿಸಿ ಹಿಡಿ. ಗೋಡೆಗುಂಟ ಇಳೀಲಿ’ ಎನ್ನುತ್ತಿದ್ದರು. ಬಾಟಲಿಯ ಒಳಗೋಡೆಗೆ ತಾಗಿ ತುಪ್ಪ ಹಾಳೆಯಂತೆ ಇಳಿಯುತ್ತಿತ್ತು, ಸದ್ದಿಲ್ಲದೆ, ಗಾಳಿಗೆ ಜಾಗ ಕೊಡದೆ. ಆಮೇಲೆ ಒಂದು ದಿನ ಇಟ್ಟರೆ ಒಳಗಿದ್ದ ಅಷ್ಟಿಷ್ಟು ಗಾಳಿಯೂ ಮೇಲೆ ಬಂದು ಬಿಳಿಯ ನೊರೆಯಾಗಿ ನಿಲ್ಲುತ್ತಿತ್ತು. ಆ ನೊರೆಯನ್ನು ಚಮಚದಲ್ಲಿ ತೆಗೆದು ನೆಕ್ಕುವುದು ಬಾಟಲಿ ಹಿಡಿದವರ ಹಕ್ಕು. ಕೊಳ್ಳಲು ಬಂದವರು ಮುಚ್ಚಿದ ಬಾಟಲಿಯನ್ನು ತಲೆಕೆಳಗು ಮಾಡಿ ಗುಳ್ಳೆಯನ್ನು ನೋಡುತ್ತಿದ್ದರು. ಅದು ಎಷ್ಟು ನಿಧಾನ ಏರುತ್ತದೋ ತುಪ್ಪ ಅಷ್ಟು ದಪ್ಪ ಎಂದು ಅವರ ಲೆಕ್ಕ. ಗುಳ್ಳೆ ತಳದಿಂದ ಹೊರಟು ಮೇಲೆ ಮುಟ್ಟುವವರೆಗೆ ಜಗಲಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಆ ಗುಳ್ಳೆಯ ನಡಿಗೆಗೆ ಜಾರ್ಜ್ ಸ್ಟೋಕ್ಸ್ ಎಂಬ ಐರ್ಲೆಂಡ್ ಮೂಲದ ಗಣಿತಜ್ಞ 1851ರಲ್ಲಿ ಪ್ರಕಟಿಸಿದ ಸೂತ್ರವೇ ಆಧಾರ ಎಂದು ಓದಿದಾಗ ಅಪ್ಪನ ಜಗಲಿ ಕಣ್ಣಿಗೆ ಬಂತು. ದ್ರವ ದಪ್ಪವಾದಷ್ಟೂ ಗುಳ್ಳೆ ನಿಧಾನ. ಇದು ನಮ್ಮ ಜೇನಿನ ಗಿರಾಕಿಗಳಿಗೂ ಗೊತ್ತಿದ್ದದ್ದು. ಅದರ ಇನ್ನೊಂದು ಭಾಗ ನನ್ನ ಸಂಕಟಕ್ಕೆ ಉತ್ತರವಾಗಿತ್ತು. ಗುಳ್ಳೆಯ ಗಾತ್ರ ಅರ್ಧವಾದರೆ ವೇಗ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಹತ್ತನೇ ಒಂದರಷ್ಟು ಸಣ್ಣ ಗುಳ್ಳೆ ನೂರು ಪಟ್ಟು ನಿಧಾನ. ದೊಡ್ಡವು ಹೇಗೋ ದಾರಿ ಮಾಡಿಕೊಂಡು ಹೋಗುತ್ತವೆ. ರವೆಯಂಥ ಸಣ್ಣವು ಹೊರಟು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಸುತ್ತಲಿನ ಜೆಲ್ ತಣಿದು ಗಟ್ಟಿಯಾಗಿಬಿಡುತ್ತದೆ. ಅವಕ್ಕೆ ಬೇಕಾದದ್ದು ಹೊತ್ತು, ಆ ಹೊತ್ತಿನುದ್ದಕ್ಕೂ ಬಿಸಿ.

ಎರಡನೇ ಸಲ ದಪ್ಪ ತಳದ ಪಾತ್ರೆಯಲ್ಲಿ, ಸಣ್ಣ ಉರಿಯಲ್ಲಿ, ತಾಪಮಾಪಕ ಇಳಿಬಿಟ್ಟು ಕರಗಿಸಿದೆ. ನೂರು ಡಿಗ್ರಿ ದಾಟಿ ತುಸು ಹೊತ್ತಿಗೆ ಜೆಲ್ ನೀರಿನಂತೆ ಸಡಿಲವಾಗಿ, ಒಳಗಿದ್ದ ಗಾಳಿ ತಾನಾಗಿ ಮೇಲೆ ಬಂದು ಬಿಟ್ಟುಕೊಂಡಿತು. ಒಲೆಯ ಮುಂದಿನಿಂದ ಕದಲಲಿಲ್ಲ. ಎಣ್ಣೆ ಅದು, ಮಿತಿಮೀರಿ ಕಾದರೆ ಹೊತ್ತಿಕೊಳ್ಳುತ್ತದೆ, ಹೊತ್ತಿಕೊಂಡರೆ ನೀರು ಹಾಕಲೇಬಾರದು, ಮುಚ್ಚಳ ಮುಚ್ಚಿ ಒಲೆ ಆರಿಸಬೇಕು. ಮುಚ್ಚಳವನ್ನು ಕೈಯಳತೆಯಲ್ಲೇ ಇಟ್ಟುಕೊಂಡಿದ್ದೆ. ಬತ್ತಿಯ ನೂಲಿನ ಎಳೆಗಳ ನಡುವೆಯೂ ಗಾಳಿ ಇರುತ್ತದಾದ್ದರಿಂದ ಮೊದಲು ಬತ್ತಿಯನ್ನು ಬಿಸಿ ಜೆಲ್ಲಿನಲ್ಲಿ ಅದ್ದಿ, ಅದು ಪುಸಪುಸನೆ ಗುಳ್ಳೆ ಬಿಟ್ಟು ಸುಮ್ಮನಾದ ಮೇಲೆ ತೆಗೆದೆ. ಚಿಪ್ಪುಗಳನ್ನೂ ಹಾಗೇ ಒಂದೊಂದಾಗಿ ಮುಳುಗಿಸಿ, ಹೊಟ್ಟೆ ಮೇಲೆ ಮಾಡಿ, ಒಳಗಿನ ಉಸಿರು ಹೋಗಲು ಬಿಟ್ಟೆ.

ಈ ಸಲ ಕೈಕೊಟ್ಟದ್ದು ಕಲ್ಲು. ಸಿದ್ದಾಪುರದ ಗಂಡನ ಮನೆಯ ಹಿಂದೆ ಒಂದು ಹಳ್ಳವಿದೆ. ಅದರ ನುಣುಪುಗಲ್ಲುಗಳನ್ನು ಮಗಳು ಆರಿಸಿ ತಂದಿದ್ದಳು. ಪಾರಿವಾಳದ ಬಣ್ಣದ್ದು, ಬೆಲ್ಲದ ಬಣ್ಣದ್ದು, ಒಂದು ಬಿಳಿ ಗೆರೆಯದ್ದು. ತೊಳೆದು ಜಗಲಿಯಲ್ಲಿ ಎರಡು ದಿನ ಹರಡಿದ್ದೆವು. ಆದರೆ ನಮ್ಮ ಕಡೆಯ ಆಶ್ವಿಜದ ಜಗಲಿಯಲ್ಲಿ ಯಾವುದು ಒಣಗುತ್ತದೆ? ಹಪ್ಪಳದ ಡಬ್ಬಿಯೇ ತಣ್ಣಗಿರುವ ಕಾಲ. ಕಲ್ಲಿನ ಬಿರುಕಿನಲ್ಲಿ ಕಣ್ಣಿಗೆ ಕಾಣದ ನೀರು ಕೂತಿತ್ತು. ಬಿಸಿ ಜೆಲ್ ತಾಗಿದ್ದೇ ಅದು ಆವಿಯಾಗಿ ಎದ್ದಿತು. ಬಿಳಿ ಗೆರೆಯ ಕಲ್ಲಿನಿಂದ ಮುತ್ತಿನ ಸರದಂತೆ ಗುಳ್ಳೆಯ ಮೇಲೆ ಗುಳ್ಳೆ. ಮಗಳಿಗೆ ಅದೇ ಇಷ್ಟವಾಯಿತು. ‘ಕಲ್ಲು ಉಸಿರಾಡ್ತಿದೆ’ ಎಂದು ಗಾಜಿಗೆ ಮೂಗು ತಾಗಿಸಿ ಕೂತಳು. ಆ ಲೋಟವನ್ನು ನಾನು ಕರಗಿಸಲಿಲ್ಲ. ಅವಳ ಪುಸ್ತಕದ ಕಪಾಟಿನಲ್ಲಿ ಇದೆ.

ಗಾಳಿಯನ್ನು ಬೇಡವೆನ್ನುವುದು ಎಲ್ಲ ಕೈಕೆಲಸಕ್ಕೂ ಹೊಂದುವುದಿಲ್ಲ. ಶಿರಸಿ, ಸಿದ್ದಾಪುರ, ಸಾಗರದ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು. ಅವರ ಮನೆಗಳಲ್ಲೇ ಬೆಂಡಿನ ಬಾಸಿಂಗವೂ ಆಗುತ್ತದೆ. ನನ್ನ ಮದುವೆಯ ಬಾಸಿಂಗವನ್ನು ತರಲು ಅಪ್ಪನ ಜೊತೆ ಹೋದಾಗ ಆ ಮನೆಯ ಹಿರಿಯರು ಒಂದು ತುಂಡು ಬೆಂಡನ್ನು ನನ್ನ ಅಂಗೈ ಮೇಲಿಟ್ಟರು. ಇಟ್ಟದ್ದೇ ತಿಳಿಯಲಿಲ್ಲ. ಕೆರೆ ಜೌಗಿನಲ್ಲಿ ಬೆಳೆಯುವ ಗಿಡದ ತಿರುಳು ಅದು; ಒಳಗೆಲ್ಲ ಗಾಳಿಯ ಸಣ್ಣ ಕೋಣೆಗಳು. ಅದರ ಬಿಳುಪು ಬಣ್ಣ ಬಳಿದ ಬಿಳುಪಲ್ಲ, ಆ ಕೋಣೆಗಳಲ್ಲಿ ಚದುರಿದ ಬೆಳಕು. ಹಿರಿಯರು ಹರಿತವಾದ ಕತ್ತಿಯಿಂದ ಅದನ್ನು ಸುತ್ತ ಸುಲಿಯುತ್ತ ಹೋದರು, ಕಾಗದದಂಥ ಹಾಳೆ ಬಿಚ್ಚಿಕೊಳ್ಳುತ್ತ ಬಂತು. ಗಾಳಿ ಹೋದರೆ ಅದು ಬೆಂಡೇ ಅಲ್ಲ. ಹಣೆಗೆ ಕಟ್ಟಿಕೊಂಡು ಮಂಟಪದಲ್ಲಿ ಕೂತಾಗ ಅಷ್ಟು ದೊಡ್ಡ ಬಾಸಿಂಗದ ಭಾರ ನನಗೆ ಒಂದು ಚಣವೂ ಗೊತ್ತಾಗಲಿಲ್ಲ.

ಮೂರನೇ ಸಲದ ಎರಕ ನಡೆದದ್ದು ಸಿದ್ದಾಪುರದ ಮನೆಯಲ್ಲಿ. ಹಬ್ಬಕ್ಕೆ ನಾಲ್ಕು ದಿನ ಮೊದಲೇ ಅಲ್ಲಿಗೆ ಹೋಗಿದ್ದೆವು. ಬಚ್ಚಲುಮನೆಯ ನೆಲ ಕುಸಿದು ಗಾರೆಯ ಕೆಲಸ ನಡೆದಿತ್ತು. ಮೇಸ್ತ್ರಿಯ ರಸಮಟ್ಟ ಹಂಡೆಯ ಒಲೆಯ ಪಕ್ಕದ ಕಟ್ಟೆಯ ಮೇಲೆ ಮಲಗಿತ್ತು. ಮಗಳು ಅದನ್ನು ಎತ್ತಿ, ಹಸಿರು ನೀರಿನೊಳಗಿನ ಗುಳ್ಳೆ ಅತ್ತಿತ್ತ ಓಡುವುದನ್ನು ನೋಡಿ, ‘ಇದರಲ್ಲಿ ಗುಳ್ಳೆ ಹೇಗೆ ಸಿಕ್ಕಿಹಾಕ್ಕೊಂಡಿತು?’ ಎಂದು ಕೇಳಿದಳು. ‘ಸಿಕ್ಕಿಹಾಕ್ಕೊಂಡದ್ದಲ್ಲ ತಂಗೀ, ಬೇಕು ಅಂತಲೇ ಬಿಟ್ಟದ್ದು’ ಎಂದರು ಮೇಸ್ತ್ರಿ. ನೀರು ಪೂರ್ತಿ ತುಂಬಿಬಿಟ್ಟರೆ ಮಟ್ಟ ಹೇಳುವವರು ಯಾರು ಎಂದು ಅವರ ಪ್ರಶ್ನೆ. ಅವರು ನೆಲದ ಮೇಲೆ ರಸಮಟ್ಟವನ್ನಿಟ್ಟು, ಗುಳ್ಳೆ ಎರಡು ಗೆರೆಗಳ ನಡುವೆ ಬಂದು ನಿಲ್ಲುವವರೆಗೂ ಬಗ್ಗಿ ಕಾದರು. ನಾನು ಲೋಟಗಳನ್ನು ಇಡಲು ಒಂದು ಹಲಗೆ ಹುಡುಕುತ್ತಿದ್ದೆ. ಓರೆಯಾದ ಹಲಗೆಯ ಮೇಲೆ ಜೆಲ್ ಓರೆಯಾಗಿಯೇ ಗಟ್ಟಿಯಾಗುತ್ತದೆ. ಮೇಸ್ತ್ರಿ ಅದರಡಿಗೆ ಹಂಚಿನ ಚೂರು ಕೊಟ್ಟು, ರಸಮಟ್ಟ ಇಟ್ಟು, ಗುಳ್ಳೆಯನ್ನು ನಡುವಿಗೆ ತಂದುಕೊಟ್ಟರು.

ಹಂಡೆಯ ಪಕ್ಕ ಹಲಗೆ ಹಾಕಲು ಹೇಳಿದ್ದು ಅತ್ತೆ. ನನ್ನ ಹಳೆಯ ಲೋಟಗಳನ್ನು ಅವರು ಆಗಲೇ ನೋಡಿದ್ದರು. ಕನ್ನಡಕ ಏರಿಸಿ, ಒಂದನ್ನು ಕಣ್ಣಿನ ಹತ್ತಿರ ಹಿಡಿದು, ‘ಉಸ್ರು ಕಟ್ಟಿದ್ದೇ ಇದಕ್ಕೆ’ ಎಂದಿದ್ದರು. ಮೇಣದಬತ್ತಿಯನ್ನು ಅವರು ಮಾಡಿದವರಲ್ಲ. ಆದರೆ ನಲವತ್ತು ವರ್ಷ ಆಲೆಮನೆಯ ಕೊಪ್ಪರಿಗೆಯ ಮುಂದೆ ನಿಂತವರು. ಕಬ್ಬಿನ ಹಾಲು ಕಾದಾಗ ಮೊದಲು ಬರುವುದು ಮಣ್ಣುಬಣ್ಣದ ಕೊಳೆನೊರೆ; ಅದನ್ನು ಜಾಲರಿ ಸೌಟಿನಲ್ಲಿ ತೆಗೆದು ಚೆಲ್ಲಬೇಕು. ಆಮೇಲೆ ಹೊಂಬಣ್ಣದ ನೊರೆ ಉಕ್ಕಿ ಬರುತ್ತದೆ, ನೋಡಲು ಚೆಂದ, ಕೈತಪ್ಪಿದರೆ ಒಲೆಗೆ. ಕೊನೆಗೆ ನೊರೆಯೆಲ್ಲ ಅಡಗಿ, ದೊಡ್ಡ ದೊಡ್ಡ ಗುಳ್ಳೆ ಎದ್ದು, ಬುಳಕ್ ಬುಳಕ್ ಎಂದು ಸಾವಕಾಶ ಒಡೆಯುತ್ತವೆ. ಆ ಗುಳ್ಳೆಗಳ ಗಾತ್ರ ನೋಡಿ, ಸದ್ದು ಕೇಳಿ ಅವರು ಜೋನಿಬೆಲ್ಲದ ಹದ ಹೇಳುತ್ತಿದ್ದರು. ತಾಪಮಾಪಕದ ಮುಳ್ಳು ನೋಡುತ್ತಿದ್ದ ನನ್ನ ಬೆನ್ನ ಹಿಂದೆ ನಿಂತು, ಪಾತ್ರೆಯೊಳಗೆ ಬಗ್ಗಿ, ‘ಈಗ ಆತು. ಈಗ ತೆಗಿ’ ಎಂದರು. ಮುಳ್ಳು ಆಗಷ್ಟೇ ನಾನು ಕಾಯುತ್ತಿದ್ದ ಗೆರೆಯನ್ನು ಮುಟ್ಟಿತ್ತು.

ಲೋಟಗಳನ್ನು ಅವರು ಹಂಡೆಯ ಮುಚ್ಚಳದ ಮೇಲೆ ಕವುಚಿ ಇಟ್ಟು ಕಾಯಿಸಿದ್ದರು. ತಣ್ಣನೆಯ ಗಾಜಿಗೆ ಬಿಸಿ ಜೆಲ್ ತಾಗಿದರೆ ಗೋಡೆಯಲ್ಲೇ ಗಾಳಿ ಸಿಕ್ಕಿಕೊಳ್ಳುತ್ತದೆಂದು ನಾನು ಓದಿ ತಿಳಿದಿದ್ದೆ. ಅವರಿಗೆ ಅದು ಉಪ್ಪಿನಕಾಯಿ ಭರಣಿಯಿಂದ ಗೊತ್ತು. ಕಲ್ಲುಗಳು ಒಲೆಯ ಬೂದಿಯ ಮೇಲೆ ಒಂದು ರಾತ್ರಿ ಕೂತು ಎಲುಬಿನಂತೆ ಒಣಗಿದ್ದವು. ಒಲೆಯ ಬಾಯಿಂದ ದೂರ ಸರಿದು ಹಲಗೆಯ ಮುಂದೆ ಕೂತು, ಲೋಟವನ್ನು ವಾಲಿಸಿ ಹಿಡಿದು, ಗೋಡೆಗುಂಟ ಇಳಿಯುವಂತೆ ಎರೆದೆ. ಮಗಳ ಕೈಯಲ್ಲಿ ಲೋಟ, ನನ್ನ ಕೈಯಲ್ಲಿ ಪಾತ್ರೆ. ಯಲ್ಲಾಪುರದ ಜಗಲಿಯಲ್ಲಿ ನಾನು ಕೂತಿದ್ದ ಜಾಗದಲ್ಲಿ ಅವಳು ಕೂತಿದ್ದಳು. ಈ ಸಲ ನೀಲಿ ಬಣ್ಣ ಹಾಕಿರಲಿಲ್ಲ. ಬನವಾಸಿಯ ಮಧುಕೇಶ್ವರನಿಗೆ ಆ ಹೆಸರು ಬಂದದ್ದು ಲಿಂಗದ ಜೇನುಬಣ್ಣದಿಂದ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಆ ಗರ್ಭಗುಡಿಯಲ್ಲಿ ಆರತಿ ಎತ್ತಿದಾಗ ಕಂಡ ಬಣ್ಣ ಕಣ್ಣಲ್ಲೇ ಉಳಿದಿತ್ತು. ಅದಕ್ಕೆ ಹತ್ತಿರ ಬರಲೆಂದು ಒಂದೇ ಒಂದು ಚೂರು ಹಳದಿ ಬಣ್ಣ ಬೆರೆಸಿದ್ದೆ.

ಎಂಟು ಲೋಟಗಳಿಗೂ ಎರೆದು ಮುಗಿದ ಮೇಲೆ ಅತ್ತೆ ಒಂದು ಮರದ ಪೆಟ್ಟಿಗೆ ಕವುಚಿ, ಅದರ ಮೇಲೆ ಕಂಬಳಿ ಹೊದೆಸಿದರು. ಚಳಿಗಾಲದಲ್ಲಿ ಹಾಲಿಗೆ ಹೆಪ್ಪು ಹಾಕಿ ಪಾತ್ರೆಗೆ ಹೊದೆಸುವ ಅದೇ ಕಂಬಳಿ. ‘ಬಿಸಿ ಆರ್ದಂಗೆ ಇಟ್ರೆ ತನ್ನಷ್ಟಕ್ಕೇ ಮೇಲೆ ಬತ್ತು’ ಎಂದು ಹೇಳಿ ಮಲಗಲು ಹೋದರು. ನನಗೆ ತಡೆಯಲಾಗಲಿಲ್ಲ. ರಾತ್ರಿ ಎರಡು ಸಲ ಎದ್ದು ಹೋಗಿ, ಕಂಬಳಿಯ ಮೂಲೆ ಸರಿಸಿ, ಟಾರ್ಚ್ ಬಿಟ್ಟು ನೋಡಿದೆ. ಹೊರಗೆ ಜೀರುಂಡೆಯ ಸದ್ದು, ಒಳಗೆ ಕೆಂಡ ಕುಸಿಯುವ ಸದ್ದು. ಜೇನುಬಣ್ಣದ ಜೆಲ್ಲಿನಲ್ಲಿ ಗುಳ್ಳೆಗಳು ಏರುತ್ತಿದ್ದವು. ಏರುತ್ತಿವೆಯೆಂದು ತಿಳಿಯಬೇಕಾದರೆ ಗಾಜಿನ ಮೇಲೆ ಉಗುರಿಟ್ಟು ಗುರುತು ಹಿಡಿದು ಕಾಯಬೇಕಿತ್ತು.

ಬೆಳಗ್ಗೆ ಕಂಬಳಿ ತೆಗೆದಾಗ ಏಳು ಲೋಟ ತಿಳಿಯಾಗಿದ್ದವು, ಅಪ್ಪ ಒಪ್ಪಿಕೊಳ್ಳುತ್ತಿದ್ದ ಲಾಟೀನಿನ ಗಾಜಿನಷ್ಟು. ಎಂಟನೆಯದರಲ್ಲಿ, ತಳಕ್ಕಿಂತ ಎರಡು ಬೆರಳು ಮೇಲೆ, ಬೆಲ್ಲದ ಬಣ್ಣದ ಕಲ್ಲಿನ ನೆತ್ತಿಗೆ ತಾಗಿಕೊಂಡು ಒಂದೇ ಒಂದು ಗುಳ್ಳೆ ಉಳಿದಿತ್ತು. ಮತ್ತೆ ಬಿಸಿ ಮಾಡಿ ಬಿಡಿಸುತ್ತೇನೆ ಎಂದೆ. ಅತ್ತೆ ಬೇಡವೆಂದರು. ಆ ಲೋಟವನ್ನು ಅವರೇ ಒಯ್ದು ತಮ್ಮ ಕೋಣೆಯ ಕಿಟಕಿಯ ದಂಡೆಯ ಮೇಲಿಟ್ಟುಕೊಂಡರು. ಉಳಿದವು ಬಲೀಂದ್ರನ ಪೂಜೆಯ ಸಂಜೆ ಹಣತೆಗಳ ಜೊತೆ ಜಗಲಿಯಲ್ಲಿ ಉರಿದವು.

ಈ ಆಷಾಢದಲ್ಲಿ ನಾವು ಸಿದ್ದಾಪುರದ ಮನೆಗೆ ಹೋದಾಗ ಮೂರು ದಿನದಿಂದ ಕರೆಂಟ್ ಇರಲಿಲ್ಲ. ಅತ್ತೆಯ ಕಿಟಕಿಯ ಲೋಟ ಅರ್ಧ ಇಳಿದಿತ್ತು. ಒಮ್ಮೆಗೆ ಎರಡು ತಾಸಿಗಿಂತ ಹೆಚ್ಚು ಉರಿಸಬಾರದು, ಬತ್ತಿಯ ತುದಿ ಕತ್ತರಿಸುತ್ತಿರಬೇಕು, ತಳದಲ್ಲಿ ಒಂದು ಬೆರಳು ಉಳಿದಾಗ ನಿಲ್ಲಿಸಬೇಕು ಎಂದು ನಾನು ಹೇಳಿದ್ದನ್ನೆಲ್ಲ ಅವರು ಪಾಲಿಸಿದ್ದರು. ಉರಿಯ ಸುತ್ತ ಜೆಲ್ ಕರಗಿ ಸಣ್ಣ ಕೊಳ ನಿಂತಿತ್ತು. ಅದರ ತಳ ಆ ಗುಳ್ಳೆಗೆ ಇನ್ನೇನು ಮುಟ್ಟುವುದರಲ್ಲಿತ್ತು. ಮಗಳು ಅಜ್ಜಿಯ ಹಾಸಿಗೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಗದ್ದಕ್ಕೆ ಕೈ ಕೊಟ್ಟು ಅದನ್ನೇ ನೋಡುತ್ತಿದ್ದಳು. ಹೊರಗೆ ಹೆಂಚಿನ ಮೇಲೆ ಮಳೆ ಹುಯ್ಯುತ್ತಿತ್ತು. ‘ದೀಪಾವಳಿ ದಿನದ ಗಾಳಿ ಅಲ್ವಾ ಅಜ್ಜಿ ಅದು?’ ಎಂದಳು. ಅತ್ತೆ ಹೂಂ ಎಂದರು.

ಅಷ್ಟರಲ್ಲಿ ಕರೆಂಟ್ ಬಂತು. ಕೋಣೆಯೆಲ್ಲ ಬೆಳ್ಳಗಾಗಿ ಲೋಟದೊಳಗಿನದು ಏನೂ ಕಾಣದಾಯಿತು. ದೀಪ ಆರಿಸೋಣವೆಂದು ನಾನು ಎದ್ದೆ. ಅತ್ತೆ ನನ್ನ ಸೆರಗು ಹಿಡಿದರು.

‘ಅದಲ್ಲ. ಬಲ್ಬ್ ಆರ್ಸು.’